ಅತ್ತಿಗೆ ಒಪ್ಪದ ‘ಆಯ್ತು’

ನಮ್ಮ ಅತ್ತಿಗೆಗೆ ಆಸ್ಪತ್ರೆಯಲ್ಲಿ ಒಂದು ಅಡ್ಡಹೆಸರಿದೆ: ‘ಇನ್ನೂ ಆಗಿಲ್ಲ ಡಾಕ್ಟ್ರು’. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಅಷ್ಟು ಧೈರ್ಯ ಯಾರಿಗಿದೆ? ಆದರೆ ಲಿಫ್ಟಿನಲ್ಲಿ, ಕ್ಯಾಂಟೀನಿನಲ್ಲಿ, ಔಷಧಿ ಕೌಂಟರಿನ ಸಾಲಿನಲ್ಲಿ ನಾನೇ ಕಿವಿಯಾರೆ ಕೇಳಿದ್ದೇನೆ. ಮೊದಮೊದಲು ನನಗೂ ನಗು ಬರುತ್ತಿತ್ತು. ಈಗ ಯಾರಾದರೂ ಆ ಹೆಸರು ಹೇಳಿ ಹಲ್ಲು ಕಿರಿದರೆ ಒಂದು ಬಿಗಿಯಬೇಕು ಅನ್ನಿಸುತ್ತದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯಲ್ಲಿ ಹೇಳುತ್ತಾರೆ. ಇರಲಿ, ಈ ವಿಷಯಕ್ಕೆ ಅದು ಅಲ್ಲೇ ಇರಲಿ.

ಅತ್ತಿಗೆಯ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಹೊಸದಾಗಿ ಕಂಡುಹಿಡಿದ ಔಷಧಿ ಅಂಗಡಿಗೆ ಬರುವ ಮುಂಚೆ ಅದನ್ನು ಕಾಯಿಲೆಯವರ ಮೇಲೆ ಪ್ರಯೋಗ ಮಾಡಿ ನೋಡುತ್ತಾರೆ. ಅದಕ್ಕೆ ಟ್ರಯಲ್ ಅನ್ನುತ್ತಾರೆ. ಟ್ರಯಲ್‌ಗೆ ಸೇರುವವರಿಗೆ ಮೊದಲು ಎಲ್ಲವನ್ನೂ ತಿಳಿಸಿ ಹೇಳಬೇಕು. ಅರ್ಧ ಜನಕ್ಕೆ ನಿಜವಾದ ಔಷಧಿ ಕೊಡುತ್ತಾರೆ, ಉಳಿದರ್ಧ ಜನಕ್ಕೆ ನೋಡಲು ಹಾಗೇ ಇರುವ ಡಮ್ಮಿ ಮಾತ್ರೆ. ಯಾರಿಗೆ ಯಾವುದು ಸಿಕ್ಕಿತು ಅಂತ ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ತೊಂದರೆ ಏನಾಗಬಹುದು, ಯಾವ ಯಾವ ಪರೀಕ್ಷೆ ಇದೆ, ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಇಷ್ಟನ್ನೂ ಹೇಳಿ, ಕ್ಯಾಮೆರಾದ ಮುಂದೆ ಒಪ್ಪಿಗೆ ಕೇಳಬೇಕು. ಆ ಒಪ್ಪಿಗೆ ನಿಜವಾದ ಒಪ್ಪಿಗೆ ಹೌದೋ ಅಲ್ಲವೋ ಅಂತ ಕೊನೆಗೆ ಹೇಳುವವರು ನಮ್ಮ ಅತ್ತಿಗೆ. ಅವರು ತಲೆಯಾಡಿಸದೆ ಯಾರಿಗೂ ಒಂದು ಮಾತ್ರೆಯೂ ಸಿಗುವುದಿಲ್ಲ.

ಅವರಿಗೆ ಆ ಅಡ್ಡಹೆಸರು ಬರಲು ಕಾರಣ ನಮ್ಮ ಭಾಷೆಯೇ. ನಾವು ಒಪ್ಪಿದರೂ ‘ಆಯ್ತು’ ಅನ್ನುತ್ತೇವೆ, ಮುಗಿದರೂ ‘ಆಯ್ತು’ ಅನ್ನುತ್ತೇವೆ, ಎದುರಿಗಿದ್ದವನು ಮಾತು ನಿಲ್ಲಿಸಿದರೆ ಸಾಕಪ್ಪಾ ಅನ್ನಿಸಿದರೂ ‘ಆಯ್ತು’ ಅನ್ನುತ್ತೇವೆ. ಹಿಂದೆ ಒಬ್ಬ ಬಡಗಿ ಯಜಮಾನರು ಹೀಗೇ ಎಲ್ಲದಕ್ಕೂ ‘ಆಯ್ತಮ್ಮಾ, ಆಯ್ತಮ್ಮಾ’ ಅಂದು ಟ್ರಯಲ್ ಸೇರಿದರಂತೆ. ತಿಂಗಳಾದ ಮೇಲೆ ನೋಡಿದರೆ ಅರ್ಧ ಮಾತ್ರೆ ತಾವು ನುಂಗಿ ಉಳಿದರ್ಧ ತಮ್ಮನಿಗೆ ನುಂಗಿಸಿದ್ದರು. “ಹೊಸಾ ಔಷಧಿ, ಒಳ್ಳೇದು ಅಂದ್ರಲ್ಲಮ್ಮಾ, ಅವನಿಗೂ ಕೆಮ್ಮು ಇತ್ತು” ಅಂದರಂತೆ. ಅವರು ಎಷ್ಟು ಅಕ್ಕರೆಯಿಂದ ಕೊಟ್ಟಿದ್ದರೆಂದರೆ, ಅತ್ತಿಗೆಗೆ ಬೈಯಲೂ ಬಾಯಿ ಬರಲಿಲ್ಲವಂತೆ. ಆವತ್ತಿನಿಂದ ಅವರು ‘ಆಯ್ತು’ ಅನ್ನುವ ಮಾತನ್ನು ಒಪ್ಪಿಗೆ ಅಂತ ತೆಗೆದುಕೊಳ್ಳುವುದನ್ನೇ ಬಿಟ್ಟರು. ಕೇಳಿಸಿಕೊಂಡದ್ದನ್ನು ಪಕ್ಕದ ಮನೆಯವರಿಗೆ ಹೇಳುವ ಹಾಗೆ ನಿಮ್ಮ ಮಾತಲ್ಲಿ ಹೇಳಿ, ಆಮೇಲೆ ಬೇಕೋ ಬೇಡವೋ ಹೇಳಿ ಅನ್ನುತ್ತಾರೆ. “ಆಯ್ತು ಡಾಕ್ಟ್ರೇ” ಅಂದರೆ ನಗುತ್ತಾ “ಇನ್ನೂ ಆಗಿಲ್ಲ” ಅನ್ನುತ್ತಾರೆ.

ನಾನು ಡ್ರೈವಿಂಗ್ ಸ್ಕೂಲ್ ನಡೆಸುವವನು. ಈ ಪದದ ಮಹಿಮೆ ನನಗೆ ಯಾರೂ ಹೇಳಿಕೊಡಬೇಕಿಲ್ಲ. “ಬ್ರೇಕ್ ಯಾವುದು, ಆಕ್ಸಿಲರೇಟರ್ ಯಾವುದು, ಗೊತ್ತಾಯ್ತಾ?” ಅಂದರೆ “ಆಯ್ತು ಸಾರ್” ಅನ್ನುತ್ತಾರೆ, ಮರುಕ್ಷಣ ಗಾಡಿ ಯಾರದೋ ಕಾಂಪೌಂಡಿಗೆ ಮುತ್ತು ಕೊಡಲು ಹೊರಟಿರುತ್ತದೆ. ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುವುದರಿಂದ ನಾನೂ ಕಾಂಪೌಂಡುಗಳೂ ಉಳಿದುಕೊಂಡಿದ್ದೇವೆ. ನನಗೆ ಇನ್ನೂ ಮದುವೆಯಾಗಿಲ್ಲ. ಆ ವಿಷಯದಲ್ಲಿ ಮಾತ್ರ ಯಾವ ಹುಡುಗಿಯೂ ನನಗೆ ‘ಆಯ್ತು’ ಅಂದಿಲ್ಲ. ಅಮ್ಮ, ಅಣ್ಣ, ಅತ್ತಿಗೆ, ನಾನು, ನಾಲ್ಕೇ ಜನ ನಾವು, ಬಸ್ ನಿಲ್ದಾಣದ ಹಿಂದಿನ ಬೀದಿಯ ಎರಡನೇ ಮಹಡಿಯ ಮನೆಯಲ್ಲಿ.

ಅಮ್ಮನಿಗೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ ಬಂತು. ಸ್ಪಂಜು ಒಣಗಿದ ಹಾಗೆ ಅಂತ ಅತ್ತಿಗೆ ವಿವರಿಸಿದರು. ಎರಡು ಮಹಡಿಯ ಮೆಟ್ಟಿಲನ್ನು ಬುಟ್ಟಿ ಹಿಡಿದು ಸರಸರ ಹತ್ತುತ್ತಿದ್ದವಳು ಮೊದಲ ತಿರುವಿನಲ್ಲೇ ಕೂರತೊಡಗಿದಳು. ಆಮೇಲೆ ಕೆಳಗೆ ಇಳಿಯುವುದನ್ನೇ ಬಿಟ್ಟಳು. ಈಗಿರುವ ಔಷಧಿ ಕಾಯಿಲೆಯನ್ನು ಸ್ವಲ್ಪ ನಿಧಾನ ಮಾಡುತ್ತದೆ ಅಷ್ಟೇ, ವಾಪಸ್ ಕಳಿಸುವುದಿಲ್ಲ.

ಅಮ್ಮ ಕೆಲಸ ಮಾಡಿದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಈಗಿನವರಿಗೆ ಅದು ಗೊತ್ತಿರಲಿಕ್ಕಿಲ್ಲ. ಆಗ ದೂರದ ಊರಿಗೆ ಫೋನ್ ಮಾಡಬೇಕಾದರೆ ಮೊದಲು ಎಕ್ಸ್‌ಚೇಂಜಿಗೆ ಹೇಳಬೇಕಿತ್ತು. ಅಲ್ಲಿ ಅಮ್ಮನಂಥ ಹೆಣ್ಣುಮಕ್ಕಳು ಸಾಲಾಗಿ ಕೂತು, ಎದುರಿನ ಬೋರ್ಡಿನಲ್ಲಿ ಒಂದು ತೂತಿನಿಂದ ಕಿತ್ತ ವೈರನ್ನು ಇನ್ನೊಂದು ತೂತಿಗೆ ಚುಚ್ಚಿ, ಇಬ್ಬರಿಗೂ ಮಾತು ಕೂಡಿಸಿಕೊಡುತ್ತಿದ್ದರು. ಅಮ್ಮನ ದನಿ ಎಂಥದ್ದು ಅಂತೀರಿ! ಅಪ್ಪ ಅವಳನ್ನು ನೋಡುವ ಮೊದಲು ಅವಳ ದನಿಗೇ ಬಿದ್ದಿದ್ದು, ಟ್ರಂಕ್ ಕಾಲ್ ಮಾಡಿ ಮಾಡಿ ಸಂಬಳವೆಲ್ಲ ಕರಗಿಸಿದ್ದು ಅಂತ ಅಪ್ಪನೇ ಹೇಳುತ್ತಿದ್ದರು. ಉಸಿರು ಕಡಿಮೆಯಾದರೂ ಆ ದನಿಗೆ ಏನೂ ಆಗಿರಲಿಲ್ಲ. ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಹಳೆಯ ಎಕ್ಸ್‌ಚೇಂಜ್ ಗೆಳತಿಯರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿ ಹಾಜರಿ ತೆಗೆದುಕೊಳ್ಳುತ್ತಾಳೆ.

ಮತ್ತೆ ಅಮ್ಮ ‘ಆಯ್ತು’ ಅನ್ನುವುದರಲ್ಲಿ ಮಹಾರಾಣಿ. ಊಟಕ್ಕೆ ಏನು ಮಾಡೋಣ ಅಂದರೆ ಆಯ್ತು, ಹೊಲಿಗೆ ಮಿಷನ್ ಮಾರಿಬಿಡೋಣವಾ ಅಂದರೆ ಆಯ್ತು, ಹಳೇ ಮನೆ ಬಿಟ್ಟು ಇಲ್ಲಿಗೆ ಬರೋಣ ಅಂದರೂ ಆಯ್ತು. ಇಂಥ ಹೊಂದಿಕೊಂಡು ಹೋಗುವ ತಾಯಿ ಯಾರಿಗೂ ಸಿಗುವುದಿಲ್ಲ ಅಂತ ನಾವು ಅಣ್ಣತಮ್ಮಂದಿರು ಎದೆಯುಬ್ಬಿಸಿ ಹೇಳುತ್ತಿದ್ದೆವು.

ಅಮ್ಮನ ಕಾಯಿಲೆಗೆ ಒಂದು ಹೊಸ ಔಷಧಿಯ ಟ್ರಯಲ್ ತಮ್ಮ ಆಸ್ಪತ್ರೆಗೇ ಬಂದಿದೆ ಅಂತ ಸುದ್ದಿ ತಂದವರು ಅತ್ತಿಗೆಯೇ. ಆವತ್ತು ಅವರು ಚಪ್ಪಲಿ ಕೂಡ ಬಿಡದೆ ಒಳಗೆ ಬಂದದ್ದು ನೆನಪಿದೆ. ಬೇರೆ ದೇಶಗಳಲ್ಲಿ ಚಿಕ್ಕ ಗುಂಪಿನ ಮೇಲೆ ಮಾಡಿ ನೋಡಿದಾಗ ಕೆಲವರ ಉಸಿರು ಸುಧಾರಿಸಿತ್ತಂತೆ. ಎಲ್ಲರದ್ದೂ ಅಲ್ಲ, ಕೆಲವರದ್ದು. ಅಮ್ಮನ ವಯಸ್ಸು, ರಕ್ತ, ಎಲ್ಲವೂ ಹೊಂದಿಕೆಯಾದವು. ನನಗಂತೂ ಅಮ್ಮ ಆಗಲೇ ಬುಟ್ಟಿ ಹಿಡಿದು ಮೆಟ್ಟಿಲು ಹತ್ತಿದಷ್ಟು ಸಂತೋಷವಾಯಿತು.

ಅತ್ತಿಗೆ ಆಗಲೇ ಒಂದು ಮಾತು ಹೇಳಿದರು. “ಅತ್ತೆಯನ್ನ ನಾನು ಕೇಳಲ್ಲ. ಸೊಸೆ ಕೇಳಿದ್ರೆ ಅತ್ತೆ ಸೊಸೆ ಮುಖ ನೋಡಿ ಹೂಂ ಅಂತಾರೆ. ಬೇರೆ ಡಾಕ್ಟ್ರು ಕೇಳ್ತಾರೆ.” ಒಪ್ಪಿಗೆಯ ರೆಕಾರ್ಡಿಂಗ್ ನೋಡುವ ಕೆಲಸವನ್ನೂ ಬೇರೆಯವರಿಗೆ ಕೊಡಿ ಅಂತ ಅವರು ತಮ್ಮ ಮುಖ್ಯಸ್ಥರನ್ನು ಕೇಳಿಕೊಂಡಿದ್ದರು. ಆತ ನಕ್ಕು, “ನಿಮಗಿಂತ ಕಟ್ಟುನಿಟ್ಟಾಗಿ ಯಾರು ನೋಡ್ತಾರಮ್ಮ, ನೀವೇ ನೋಡಿ” ಅಂದರಂತೆ. ಆ ಮಾತು ನಮ್ಮ ಮನೆಗೆ ಹೇಗೆ ಸುತ್ತಿಕೊಳ್ಳುತ್ತದೆ ಅಂತ ಪಾಪ ಆತನಿಗೇನು ಗೊತ್ತು.

ಅಮ್ಮನನ್ನು ಕೇಳಿದ್ದು ದಪ್ಪ ಕನ್ನಡಕದ ಒಬ್ಬ ಎಳೆಯ ಡಾಕ್ಟ್ರು. ಬಹಳ ಸಂಭಾವಿತ. ನಿಧಾನವಾಗಿ, ಚಿತ್ರ ತೋರಿಸಿ, ಎಲ್ಲ ಹೇಳಿದರು. ಅಮ್ಮ ನಗುನಗುತ್ತಾ ಎಲ್ಲದಕ್ಕೂ “ಆಯ್ತಪ್ಪ” ಅಂದಳು. ನಿಮ್ಮ ಮಾತಲ್ಲಿ ಹೇಳಿ ಅಂದಾಗ, “ನೀವು ಹೇಳಿದ ಹಾಗೇ, ಆಯ್ತು” ಅಂದಳು. ಬೇಕೋ ಬೇಡವೋ ಅಂದರೆ “ಮಕ್ಕಳು ಹೇಳಿದ ಹಾಗೆ ಆಯ್ತು” ಅಂದಳು. ಹೊರಗೆ ಬಂದು ನನ್ನ ಕೈಹಿಡಿದು, “ಮುಗೀತಲ್ಲ, ಮನೆಗೆ ಹೋಗೋಣ” ಅಂದಳು.

ಮಾರನೇ ದಿನ ಸಂಜೆ ಅತ್ತಿಗೆ ಊಟದ ಮೇಜಿನ ಮುಂದೆ ಕೂತು, ಬ್ಯಾಗನ್ನು ತೊಡೆಯ ಮೇಲೆಯೇ ಇಟ್ಟುಕೊಂಡು, “ಅತ್ತೆಯ ರೆಕಾರ್ಡಿಂಗ್ ನೋಡಿದೆ. ಅದನ್ನ ತಗೊಳ್ಳೋಕೆ ಆಗಲ್ಲ” ಅಂದರು.

“ಯಾಕೆ, ಸರಿಯಾಗಿ ಕೇಳಿಸ್ತಿಲ್ವಾ?” ಅಂದೆ ನಾನು.

“ಚೆನ್ನಾಗಿ ಕೇಳಿಸ್ತಿದೆ. ಒಪ್ಪಿಗೆಯೇ ಇಲ್ಲ ಅದರಲ್ಲಿ.”

ಅಮ್ಮ ಒಳಕೋಣೆಯಲ್ಲಿ ಮಲಗಿದ್ದಳು. ಅಣ್ಣ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವನು, ಮಾತು ಕಡಿಮೆ. ಅವನು ನೀರಿನ ಲೋಟ ಕೆಳಗಿಟ್ಟು, “ಅದು ಅಮ್ಮ ಕಣೇ” ಅಂದ. ಅವನಿಂದ ಅಷ್ಟು ಬಂದದ್ದೇ ಹೆಚ್ಚು. ಉಳಿದದ್ದನ್ನೆಲ್ಲ ನಾನೇ ಹೇಳಿದೆ. ಏನೇನು ಹೇಳಿದೆ ಅಂತ ಇಲ್ಲಿ ಬರೆಯುವ ಹಾಗಿಲ್ಲ. ಈ ವಾರದ ಕೊನೆಗೆ ಸೇರಿಸಿಕೊಳ್ಳುವುದು ನಿಂತುಹೋಗುತ್ತದೆ ಅಂತ ನಿಮಗೇ ಗೊತ್ತಿದೆ, ಮನೆಯವರಾಗಿ ನೀವೇ ಬಾಗಿಲು ಹಾಕುತ್ತೀರಾ, ಬೇರೆ ಯಾರಾದರೂ ಡಾಕ್ಟ್ರಾಗಿದ್ದರೆ ಇಷ್ಟು ಹೊತ್ತಿಗೆ ಅಮ್ಮನ ಕೈಯಲ್ಲಿ ಮಾತ್ರೆ ಇರುತ್ತಿತ್ತು, ಅಂತೆಲ್ಲ ಕೂಗಾಡಿದೆ. ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡರು.

“ಬೇರೆಯವರ ಅಮ್ಮನಾಗಿದ್ರೂ ನಾನು ಇದೇ ಮಾಡ್ತಿದ್ದೆ,” ಅಂದರು. “ಅತ್ತೆಗೆ ಅಂತ ಬಿಟ್ಟುಬಿಟ್ರೆ, ಇಷ್ಟು ವರ್ಷ ನಾನು ವಾಪಸ್ ಕಳಿಸಿದ ಅಮ್ಮಂದಿರಿಗೆ ಏನು ಹೇಳ್ಲಿ? ನೀನು ನಿನ್ನ ಸ್ವಂತ ಅಣ್ಣ ಅಂತ ಬ್ರೇಕ್ ಗೊತ್ತಿಲ್ಲದೋನಿಗೆ ಗಾಡಿ ಕೊಡ್ತೀಯಾ, ಮೇಷ್ಟ್ರೇ?”

ನನ್ನನ್ನು ಅವರು ಕೆಣಕುವಾಗ ಮೇಷ್ಟ್ರೇ ಅನ್ನುತ್ತಾರೆ. ಆವತ್ತು ಕೆಣಕುತ್ತಿರಲಿಲ್ಲ. ಕಣ್ಣು ಕೆಂಪಗಾಗಿದ್ದವು. ಇನ್ನೊಂದು ಸಲ ಕೇಳಲು ಶುಕ್ರವಾರ ಸಮಯ ಕೊಡಿಸಿದ್ದೇನೆ ಅಂತಷ್ಟೇ ಹೇಳಿ ಎದ್ದು ಹೋದರು.

ಶುಕ್ರವಾರವೇ ಕೊನೆಯ ದಿನ. ನನ್ನ ತಲೆಯಲ್ಲಿ ಒಂದೇ ಯೋಚನೆ ಕೂತಿತು. ಪರೀಕ್ಷೆ ಅಂದಮೇಲೆ ಪಾಸಾಗಬೇಕು, ಪಾಸು ಮಾಡಿಸುವುದು ನನ್ನ ಕಸುಬು. ಎಡಗಡೆ ಬಲಗಡೆ ಗೊತ್ತಿಲ್ಲದವರಿಗೂ ಲೈಸೆನ್ಸ್ ಕೊಡಿಸಿದವನು ನಾನು. ಇನ್ಸ್‌ಪೆಕ್ಟರು ಕೇಳುವ ಪ್ರಶ್ನೆ ಇಂಥದ್ದು, ಉತ್ತರ ಇಂಥದ್ದು ಅಂತ ಬಾಯಿಪಾಠ ಮಾಡಿಸಿದರೆ ಆಯಿತು.

ಮಾರನೇ ದಿನ ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಅಣ್ಣನೂ ನಾನೂ ಎತ್ತಿಕೊಂಡು ಇಳಿಸಿ, ಸ್ಕೂಲಿನ ಗಾಡಿಯಲ್ಲಿ ಮೈದಾನಕ್ಕೆ ಕರೆದುಕೊಂಡು ಹೋದೆ. ಕಲಿಯುವವರು ಕೂರುವ ಸೀಟಿನಲ್ಲಿ ಕೂರಿಸಿದೆ. ಸ್ಟೀರಿಂಗ್ ಮೇಲೆ ಕೈಯಿಟ್ಟು ಹುಡುಗಿಯ ಹಾಗೆ ನಕ್ಕಳು.

“ಕೇಳು ಅಮ್ಮಾ. ಅವರು, ಈ ಟ್ರಯಲ್ ಏನು ಅಂತ ಕೇಳ್ತಾರೆ. ನೀನು ಏನು ಹೇಳ್ಬೇಕು?”

“ನೀನೇ ಹೇಳಪ್ಪ.”

ನಾನು ಹೇಳಿದೆ, ಅವಳು ಹಾಗೇ ಒಪ್ಪಿಸಿದಳು. ಒಂದಕ್ಷರ ತಪ್ಪಲಿಲ್ಲ. ಎಕ್ಸ್‌ಚೇಂಜಿನಲ್ಲಿ ನಂಬರು ಒಂದು ಸಲ ಕೇಳಿದರೆ ಮರೆಯದ ತಲೆ ಅದು. ‘ನಾನು ನನ್ನ ಸ್ವಂತ ಇಷ್ಟದಿಂದ ಸೇರುತ್ತಿದ್ದೇನೆ’ ಅನ್ನುವುದನ್ನಂತೂ ಎಷ್ಟು ಚಂದವಾಗಿ ಹೇಳಿದಳೆಂದರೆ ನಾನೇ ಚಪ್ಪಾಳೆ ತಟ್ಟಿದೆ.

“ಇದನ್ನ ಹೇಳಿದ್ರೆ ಪಾಸಾ?” ಅಂದಳು.

“ಪಾಸು.”

ಸ್ಟೀರಿಂಗ್ ಮೇಲಿನ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. “ಪುಟ್ಟಾ, ಆ ಮೂಗಿನೊಳಗೆ ಕೊಳವೆ ಬಿಡ್ತಾರಲ್ಲ, ಅದು...”

“ಅದೆಲ್ಲ ಆಮೇಲೆ ನೋಡ್ಕೊಳ್ಳೋಣ ಅಮ್ಮಾ. ಮೊದಲು ಪಾಸಾಗು.”

“ಆಯ್ತು,” ಅಂದಳು ಅಮ್ಮ. ಮತ್ತೆ ಇನ್ನೊಂದು ಸಲ ಎಲ್ಲವನ್ನೂ ಒಪ್ಪಿಸಿದಳು.

ಶುಕ್ರವಾರ ಅಮ್ಮನನ್ನು ಒಂದು ಚಿಕ್ಕ ಕೋಣೆಯಲ್ಲಿ ಕೂರಿಸಿದರು. ಒಂದು ಮೇಜು, ಎರಡು ಕುರ್ಚಿ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ. ಪಕ್ಕದ ಕೋಣೆಗೂ ಇದಕ್ಕೂ ನಡುವೆ ದೊಡ್ಡ ಗಾಜು. ಗಾಜಿನ ಈಚೆ ಅಣ್ಣ, ಅತ್ತಿಗೆ, ನಾನು. ಒಳಗಿನ ಮಾತು ನಮಗೆ ಸ್ಪೀಕರಿನಲ್ಲಿ ಕೇಳಿಸುತ್ತಿತ್ತು, ನಮ್ಮದು ಅವರಿಗೆ ಕೇಳಿಸುತ್ತಿರಲಿಲ್ಲ. ಅತ್ತಿಗೆ ಕೈಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದರು.

ದಪ್ಪ ಕನ್ನಡಕದ ಡಾಕ್ಟ್ರು ಮತ್ತೆ ಮೊದಲಿನಿಂದ ಹೇಳಿದರು. ಹೇಳಿ, “ಈಗ ನಿಮಗೆ ಅರ್ಥ ಆಗಿದ್ದನ್ನ ನೀವೇ ಹೇಳ್ತೀರಾ ಅಮ್ಮ?” ಅಂದರು.

ಅಮ್ಮ ಶುರು ಮಾಡಿದಳು. ಆಹಾ! ಮಧ್ಯೆ ಮಧ್ಯೆ ಉಸಿರಿಗೆ ನಿಲ್ಲುತ್ತಾ, ಆದರೂ ಒಂದು ಮಾತೂ ಬಿಡದೆ, ಡಮ್ಮಿ ಮಾತ್ರೆಯಿಂದ ಹಿಡಿದು ಯಾವಾಗ ಬೇಕಾದರೂ ಬಿಡಬಹುದು ಅನ್ನುವವರೆಗೆ, ನಾನು ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೇ ಹೇಳಿದಳು. ಕೊನೆಗೆ, “ನಾನು ನನ್ನ ಸ್ವಂತ ಇಷ್ಟದಿಂದ ಸೇರುತ್ತಿದ್ದೇನೆ” ಅಂದಳು. ಡಾಕ್ಟರ ಮುಖ ಅರಳಿತು. ನಾನು ಅಣ್ಣನ ಭುಜ ಹಿಡಿದು ಅಲ್ಲಾಡಿಸಿದೆ. ಅತ್ತಿಗೆಯೂ ಕಟ್ಟಿದ ಕೈ ಬಿಟ್ಟು, ಎರಡೂ ಅಂಗೈಯಿಂದ ಮುಖ ಒರೆಸಿಕೊಂಡು, ಉಸ್ ಅಂತ ಉಸಿರು ಬಿಟ್ಟರು. ಅವರೂ ಎಷ್ಟು ಕಾದಿದ್ದರು ಅಂತ ನನಗೆ ಆಗಲೇ ಗೊತ್ತಾದದ್ದು.

ಡಾಕ್ಟ್ರು ಕ್ಯಾಮೆರಾ ನಿಲ್ಲಿಸಲು ಏಳುತ್ತಿದ್ದರು. ಅಮ್ಮ ಕೈ ಅಡ್ಡ ಮಾಡಿದಳು.

“ಕೂತ್ಕೊಳ್ಳಪ್ಪ. ಇಷ್ಟು ನನ್ನ ಮಗ ಹೇಳಿಕೊಟ್ಟಿದ್ದು. ಈಗ ನಾನು ಹೇಳ್ಲಾ?”

ನನ್ನ ಕೈ ಅಣ್ಣನ ಭುಜದ ಮೇಲೆಯೇ ಉಳಿಯಿತು. ಡಾಕ್ಟ್ರು ತಬ್ಬಿಬ್ಬಾಗಿ ಗಾಜಿನ ಕಡೆ ನೋಡಿ, ಮತ್ತೆ ಕೂತರು. “ಹೇಳಿ ಅಮ್ಮ,” ಅಂದರು.

“ನಾನು ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡ್ದೋಳು. ಸೇರಿದ ದಿನವೇ ನಮ್ಮ ಸೂಪರ್‌ವೈಸರಮ್ಮ ಹೇಳಿದ್ರು, ಫೋನ್ ಮಾಡಿದೋರಿಗೆ ಇಲ್ಲ ಅನ್ನಬಾರದು ಅಂತ. ಲೈನ್ ಕೆಟ್ಟಿದ್ರೂ ಇಲ್ಲ ಅನ್ನಬಾರದು. ಅದಕ್ಕೆ ನಾವು ಏನು ಮಾಡ್ತಿದ್ವಿ ಗೊತ್ತಾ? ಆಯ್ತು ಸಾರ್ ಅಂತಿದ್ವಿ. ಆಯ್ತು ಸಾರ್ ಅಂದು ವೈರು ಕಿತ್ತುಬಿಡ್ತಿದ್ವಿ. ಅವರು ಆ ಕಡೆ ಕಾಯ್ತಾ ಕೂತಿರ್ತಿದ್ರು, ಪಾಪ.” ಅಮ್ಮ ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು. ಡಾಕ್ಟ್ರು ನೀರು ಕೊಟ್ಟರು. “ಆವತ್ತು ನಿಮಗೂ ಹಂಗೇ ಮಾಡಿದೆ. ನೀವು ಅಷ್ಟು ಹೊತ್ತು ಕೂತು ಹೇಳಿದ್ರಿ. ತಪ್ಪು ತಿಳ್ಕೋಬೇಡಿ.”

“ಅರ್ಥ ಆಗಿರಲಿಲ್ವಾ ಅಮ್ಮ?”

“ಎಲ್ಲಾ ಅರ್ಥ ಆಗಿತ್ತು. ನೀವು ಅರ್ಧ ಜನಕ್ಕೆ ಲೈನ್ ಕೊಡ್ತೀರಿ, ಅರ್ಧ ಜನಕ್ಕೆ ಬರೀ ರಿಂಗ್ ಕೇಳಿಸ್ತೀರಿ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿಲ್ಲ. ಗೊತ್ತಿದ್ರೆ ನಿಮ್ಮ ಮುಖದಲ್ಲೇ ಕಂಡುಬಿಡುತ್ತೆ, ಅದಕ್ಕೆ. ಸೇರಿದಾಗ ಒಂದ್ಸಲ, ನಡುವೆ ಒಂದ್ಸಲ, ಮುಗಿದಮೇಲೆ ಒಂದ್ಸಲ ಆ ಕೊಳವೆ ಬಿಟ್ಟು ಒಳಗಡೆ ನೋಡ್ತೀರಿ. ಇಲ್ಲಾಂದ್ರೆ ಔಷಧಿ ಕೆಲಸ ಮಾಡ್ತಾ ಇದೆಯಾ ಇಲ್ವಾ ಅಂತ ಗೊತ್ತಾಗಲ್ಲ. ಸರಿ ತಾನೇ?”

“ಸರಿ ಅಮ್ಮ.” ಡಾಕ್ಟರ ದನಿ ಸಣ್ಣಗಾಗಿತ್ತು. ನಾನು ಬಾಯಿಪಾಠ ಮಾಡಿಸಿದ್ದಕ್ಕಿಂತ ಅಮ್ಮನ ಈ ನಾಲ್ಕು ಮಾತು ಎಷ್ಟು ಸ್ಪಷ್ಟವಾಗಿದ್ದವು ಅಂದರೆ, ಎದೆ ಒಡೆಯುತ್ತಿದ್ದರೂ ನನಗೆ ಹೆಮ್ಮೆಯೇ ಆಯಿತು.

“ಒಳ್ಳೇ ಕೆಲಸ. ಯಾರಾದ್ರೂ ಸೇರ್ಲೇಬೇಕು, ಇಲ್ಲಾಂದ್ರೆ ಔಷಧಿ ಹೆಂಗೆ ಬರುತ್ತೆ. ಆದ್ರೆ ನನಗೆ ಬೇಡ.”

ಅಮ್ಮನ ಬಾಯಲ್ಲಿ ‘ಬೇಡ’ ಅನ್ನುವ ಪದವನ್ನು ನಾನು ಅದೇ ಮೊದಲು ಕೇಳಿದ್ದು. ಬಡಿಸುವಾಗ ಸಹ ಅವಳು ಬೇಡ ಅಂದವಳಲ್ಲ, ಕೈ ಅಡ್ಡ ಹಿಡಿಯುವವಳು.

“ಕಾಯಿಲೆ ಏನು ಅಂತ ನೋಡೋಕೆ ಒಂದ್ಸಲ ಆ ಕೊಳವೆ ಬಿಟ್ರಲ್ಲ, ಆಮೇಲೆ ಎಷ್ಟೋ ವಾರ ನನಗೆ ದನಿಯೇ ಬರ್ಲಿಲ್ಲ. ಬರೀ ಗಾಳಿ. ಎಲ್ಲರಿಗೂ ಹಂಗಾಗಲ್ಲ ಅಂದ್ರು, ನನಗಾಯ್ತು. ಮನೆಯಲ್ಲಿ ಎಲ್ಲಾರೂ, ಪರವಾಗಿಲ್ಲ ಅಮ್ಮ ರೆಸ್ಟ್ ತಗೋ ಅಂದ್ರು. ನನ್ನ ಜೊತೆ ಕೆಲಸ ಮಾಡ್ದೋಳು ಒಬ್ಬಳಿದ್ದಾಳೆ, ಕಣ್ಣು ಕಾಣಲ್ಲ. ನಾನು ಬೆಳಿಗ್ಗೆ ಫೋನ್ ಮಾಡಿದ್ರೇನೇ ಅವಳು ಹಾಸಿಗೆ ಬಿಟ್ಟು ಏಳೋದು. ಆ ವಾರಗಳಲ್ಲಿ ಅವಳು ಎದ್ದೇ ಇಲ್ಲ ಅಂತ ಅವಳ ಸೊಸೆ ಹೇಳಿದ್ಲು.” ಅಮ್ಮ ನಿಂತು ಉಸಿರು ತೆಗೆದುಕೊಂಡಳು. ಡಾಕ್ಟ್ರು ಅವಸರ ಮಾಡಲಿಲ್ಲ. “ಕಾಲು ಹೋಗಿದೆ, ಉಸಿರು ಅರ್ಧ ಹೋಗಿದೆ. ದನಿ ಇದೆ. ಇರೋ ಉಸಿರನ್ನ ನಾನು ಮಾತಾಡಿ ಖರ್ಚು ಮಾಡ್ಬೇಕು ಅಂತಿದ್ದೀನಿ.”

“ಔಷಧಿ ಕೆಲಸ ಮಾಡಿದ್ರೆ ಇನ್ನೂ ಹೆಚ್ಚು ದಿನ ಮಾತಾಡಬಹುದಲ್ವಾ ಅಮ್ಮ?”

“ಮಾಡದೇ ಇದ್ರೆ?”

ಡಾಕ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಗೊತ್ತಿಲ್ಲ ಅಮ್ಮ.”

“ನಿಜ ಹೇಳಿದ್ರಿ ನೋಡಿ,” ಅಂದಳು ಅಮ್ಮ, ಅವರಿಗೇ ಸಮಾಧಾನ ಹೇಳುವವಳ ಹಾಗೆ.

ನಾನು ಬಾಗಿಲಿಗೆ ಕೈ ಹಾಕಿಬಿಟ್ಟಿದ್ದೆ. ಒಳಗೆ ನುಗ್ಗಿ ಅವಳ ಕಾಲು ಹಿಡಿಯಬೇಕು, ಅಳಬೇಕು, ನನಗೋಸ್ಕರ ಹೂಂ ಅನ್ನು ಅನ್ನಬೇಕು. ನಾನು ಹಾಗೆ ಅಂದಿದ್ದರೆ ಅವಳು ಖಂಡಿತ ಅನ್ನುತ್ತಿದ್ದಳು. ಅತ್ತಿಗೆ ನನ್ನ ಮಣಿಕಟ್ಟು ಹಿಡಿದರು. ಅವರ ಕೈಯಲ್ಲಿ ಅಷ್ಟು ಬಲವಿದೆ ಅಂತ ನನಗೆ ಗೊತ್ತಿರಲಿಲ್ಲ.

“ಬಿಡಿ ಅತ್ತಿಗೆ.”

“ಒಳಗೆ ಹೋಗ್ಬೇಡ. ಅತ್ತೆ ಇನ್ನೂ ಮಾತಾಡ್ತಿದ್ದಾರೆ.”

ಅಷ್ಟು ಹೇಳುವಷ್ಟರಲ್ಲಿ ಅವರ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬೇಕಿತ್ತು, ಅದು ನನ್ನನ್ನು ಹಿಡಿದಿತ್ತು. ಒಳಗೆ ಅಮ್ಮ ಡಾಕ್ಟರನ್ನು ಅವರ ಊರು ಯಾವುದು, ತಾಯಿ ಹೇಗಿದ್ದಾರೆ, ದಿನಾ ಫೋನ್ ಮಾಡುತ್ತಾರಾ ಅಂತ ವಿಚಾರಿಸುತ್ತಿದ್ದಳು.

ಹೊರಗಿನ ಕಾರಿಡಾರಿನಲ್ಲಿ ನನ್ನ ಸಿಟ್ಟು ಕಟ್ಟೆಯೊಡೆಯಿತು. “ನೀವು ಮೊದಲನೇ ಸಲವೇ ಬಿಟ್ಟಿದ್ರೆ ಇದೆಲ್ಲ ಆಗ್ತಾನೇ ಇರಲಿಲ್ಲ,” ಅಂದೆ.

“ಹೌದು, ಆಗ್ತಿರಲಿಲ್ಲ,” ಅಂದರು ಅತ್ತಿಗೆ. “ಅತ್ತೆ ಬರ್ತಿದ್ರು. ಪ್ರತಿ ಸಲ ಕರೆದಾಗ್ಲೂ ಬರ್ತಿದ್ರು. ಮೂಗಿಗೆ ಕೊಳವೆ ಬಿಡುವಾಗ್ಲೂ ಆಯ್ತಪ್ಪ ಅಂತಿದ್ರು. ದನಿ ಪೂರ್ತಿ ಹೋಗಿದ್ರೂ ತಲೆ ಆಡಿಸ್ತಿದ್ರು. ನಾವೆಲ್ಲ ಚೆನ್ನಾಗಿ ನೋಡ್ಕೊಂಡ್ವಿ ಅಂದ್ಕೋತಿದ್ವಿ.” ಅವರು ಗೋಡೆಗೆ ತಲೆ ಆನಿಸಿದರು. “ನನಗೆ ಅತ್ತೆ ಬೇಕು ಕಣೋ. ನೀನು ಬಾಯಿಪಾಠ ಮಾಡಿಸಿದ್ದು ಅಂತ ಎರಡನೇ ಮಾತಿಗೇ ಗೊತ್ತಾಯ್ತು ನನಗೆ. ಅತ್ತೆ ಅಷ್ಟಕ್ಕೇ ನಿಲ್ಲಿಸ್ಲಿ, ಇಷ್ಟು ಸಾಕು, ತಗೊಂಡುಬಿಡೋಣ ಅನ್ನಿಸ್ತು.”

ಇಂಥವರನ್ನು ನಾನು ಆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ತನಗೆ ಪ್ರಾಣಕ್ಕಿಂತ ಹೆಚ್ಚು ಬೇಕಾದದ್ದು ಕೈಗೆ ಬಂದಾಗ, ಇದು ನನ್ನದಲ್ಲ, ಕೊಡುವವರನ್ನು ಇನ್ನೊಂದು ಸಲ ಕೇಳಿ ಅನ್ನುವುದಕ್ಕೆ ಎಷ್ಟು ಗುಂಡಿಗೆ ಬೇಕು! ಆ ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಇವತ್ತಿಗೂ ಯಾರಿಗೂ ತಿಳಿದಿಲ್ಲ, ಟ್ರಯಲ್ ಇನ್ನೂ ನಡೆಯುತ್ತಿದೆ. ಮಾಡಿದರೆ ಅಂತ ನೆನೆದು ನಾನು ಈಗಲೂ ಒಬ್ಬನೇ ಕೂತು ಅತ್ತಿಗೆಯನ್ನು ಬೈಯುತ್ತೇನೆ. ಬೈದು ಎದ್ದು, ಅವರಿಗೆ ಕಾಫಿ ಮಾಡಿಕೊಡುತ್ತೇನೆ.

ಅಣ್ಣ ಗಾಲಿಕುರ್ಚಿ ತಳ್ಳಿಕೊಂಡು ಬಂದ. ಅಮ್ಮ ಸೊಸೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು, ಸಾಲಾಗಿ ಬೆಂಚಿನ ಮೇಲೆ ಕಾಯುತ್ತಿದ್ದವರನ್ನೂ ನೋಡಿದಳು.

“ಅಳೋದಾದ್ರೆ ಮನೆಗೆ ಹೋಗಿ ಅಳೋಣ ನಡೀರಿ,” ಅಂದಳು. “ಡಾಕ್ಟ್ರೇ ಅಳ್ತಾ ನಿಂತ್ರೆ ಇವರೆಲ್ಲ ಹೆದರ್ಕೊಳ್ಳಲ್ವಾ?”

ಅತ್ತಿಗೆ ಅಳುತ್ತಲೇ ನಕ್ಕರು. ಅಮ್ಮ ಅವರ ಕೈ ಹಿಡಿದು ತನ್ನ ಮಡಿಲಲ್ಲಿಟ್ಟುಕೊಂಡಳು. “ಮದುವೆಯಾಗಿ ಇಷ್ಟು ವರ್ಷಕ್ಕೆ, ಮಕ್ಕಳಾಗಿ ಇಷ್ಟು ವರ್ಷಕ್ಕೆ, ನನ್ನ ಮಾತು ನಂಬದೆ ಇನ್ನೊಂದ್ಸಲ ಕೇಳಿದೋಳು ನೀನೊಬ್ಬಳೇ ಕಣೇ,” ಅಂದಳು. ಅದು ಬೈಗುಳ ಅಲ್ಲ ಅಂತ ಅಣ್ಣನಿಗೂ ಅರ್ಥವಾಯಿತು. ಅವನು ಕುರ್ಚಿಯ ಹಿಂದೆ ನಿಂತು ಬೇರೆ ಕಡೆ ನೋಡುತ್ತಿದ್ದ.

ಗಾಡಿಯಲ್ಲಿ ಅಮ್ಮ ನನ್ನ ಪಕ್ಕದಲ್ಲಿ ಕೂತಳು, ಅವರಿಬ್ಬರೂ ಹಿಂದೆ. ಸಂಜೆಯ ಟ್ರಾಫಿಕ್ಕು, ಸಿಗ್ನಲ್ಲಿನಲ್ಲಿ ನಿಂತು ನಿಂತು ಹೋಗಬೇಕಿತ್ತು. ಅಮ್ಮನನ್ನು ನಾನು ಒಂದು ಪ್ರಶ್ನೆ ಕೇಳಬೇಕಿತ್ತು. ಅದನ್ನು ಕೇಳಿದರೆ ನನಗೆ ಬೇಡವಾದ ಉತ್ತರ ಬರುತ್ತದೆ ಅಂತ ಗೊತ್ತಿತ್ತು. ಕೇಳದೆ ಇರುವುದು ಸುಲಭ, ಅಮ್ಮನ ಜೊತೆ ನಾನು ಯಾವಾಗಲೂ ಸುಲಭವಾಗಿಯೇ ಇದ್ದವನು. ಕನ್ನಡಿಯಲ್ಲಿ ಅತ್ತಿಗೆಯ ಮುಖ ಕಾಣುತ್ತಿತ್ತು. ಅವರನ್ನು ನೋಡಿ ಧೈರ್ಯ ತಂದುಕೊಂಡೆ.

“ಅಮ್ಮಾ, ನಿನಗೆ ಭಯ ಆಗಲ್ವಾ?”

ಅಮ್ಮ ನನ್ನ ಕಡೆ ತಿರುಗಿದಳು. ಮಾತಿಗೆ ಬೇಕಾದಷ್ಟು ಉಸಿರು ಕೂಡಿಸಿಕೊಂಡಳು.

“ಆಗುತ್ತೆ ಪುಟ್ಟಾ,” ಅಂದಳು. “ತುಂಬಾ ಆಗುತ್ತೆ. ಹೇಳ್ತೀನಿ, ಕೇಳ್ತೀಯಾ?”

“ಹೇಳು,” ಅಂದೆ.

ಅಮ್ಮ ಹೇಳತೊಡಗಿದಳು. ನಮ್ಮ ಬೀದಿಯ ತಿರುವು ಬಂತು. ನಾನು ತಿರುಗಿಸದೆ ನೇರ ಮುಂದಕ್ಕೆ ಹೋದೆ.